ಬಂಡೀಪುರದ ರಾತ್ರಿ ಸಂಚಾರ ನಿಷೇಧದಿಂದ ಪ್ರಾಣಿಗಳಿಗೆ ಲಾಭವಾಗಿದೆಯೇ?

ಪ್ರಶ್ನೆ: ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ಹಗಲೆಲ್ಲ ವಾಹನ ಬಿಟ್ಟು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಗೇಟು ಮುಚ್ಚಿದರೆ ಏನು ಪ್ರಯೋಜನ?

ಗುಂಡ್ಲುಪೇಟೆಯವರು: ಬಹಳ ಇದೆ. ದೀಪದ ಬೆಳಕು ಕಣ್ಣು ಕುಕ್ಕಿದರೆ ಜಿಂಕೆ, ಮೊಲಗಳು ಓಡದೆ ರಸ್ತೆ ನಡುವೆಯೇ ನಿಂತುಬಿಡುತ್ತವೆ. 2009ರಲ್ಲಿ ನಿಷೇಧ ಬರುವ ಮುಂಚೆ ಬೆಳಗಿನ ಬಸ್ಸಿನಲ್ಲಿ ಹೋಗುವಾಗ ಡಾಂಬರಿಗೆ ಅಂಟಿಕೊಂಡ ಪುನುಗು ಬೆಕ್ಕು, ಹೊಟ್ಟೆಯೊಡೆದ ಜಿಂಕೆ ಕಂಡು ಕರುಳು ಕಿವುಚಿದಂತಾಗುತ್ತಿತ್ತು. ಈಗ ಅಂಥದ್ದು ನನ್ನ ಕಣ್ಣಿಗೆ ಬೀಳುವುದೇ ಅಪರೂಪ. ಆನೆಗಳು ಮರಿಗಳೊಂದಿಗೆ ನಿರಾತಂಕವಾಗಿ ರಸ್ತೆ ದಾಟುತ್ತವೆ.

ಇನ್ನೊಬ್ಬರು: ಈ ದಾರಿಯಲ್ಲಿ ಬರುವ ಕೇರಳದ ವಯನಾಡಿನ ರೋಗಿಗಳ ಗತಿಯೇನು ಸರ್?

ಗುಂಡ್ಲುಪೇಟೆಯವರು: ಆಂಬುಲೆನ್ಸ್‌ಗೆ ತಡೆಯಿಲ್ಲ. ಕೆಲವು ಸರ್ಕಾರಿ ಬಸ್ಸುಗಳಿಗೂ ಅನುಮತಿಯಿದೆ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂತವಾಡಿ ದಾರಿ. ಸುತ್ತಾಗುತ್ತದೆ, ನಿಜ, ರಾತ್ರಿಯಾದರೆ ನಾನೂ ಅದರಲ್ಲೇ ಹೋಗುತ್ತೇನೆ.