ಸಹಾಯ ಬೇಕು: ಹೆಂಡತಿಗೆ ಏನು ತಿಂದರೂ ವಾಂತಿ, ಏನು ಮಾಡಿ ಕೊಡಲಿ?

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಗರ್ಭಿಣಿ, ಈಗ 9 ವಾರ. ವಾಂತಿ ಬೆಳಗ್ಗೆ ಮಾತ್ರ ಅಂದುಕೊಂಡಿದ್ದೆ, ಆದರೆ ಇವಳಿಗೆ ರಾತ್ರಿವರೆಗೂ ಇರುತ್ತದೆ, ಒಗ್ಗರಣೆ ವಾಸನೆ ಬಂದರೆ ಸಾಕು ಬಚ್ಚಲಿಗೆ ಓಡುತ್ತಾಳೆ, ಅನ್ನ ಬೇಯುವ ವಾಸನೆಯೂ ಆಗುವುದಿಲ್ಲ. ಅಡುಗೆ ಈಗ ನಾನೇ ಮಾಡುತ್ತೇನೆ, ಬಾಗಿಲು ಹಾಕಿಕೊಂಡು. ಡಾಕ್ಟರ್ ವಾಂತಿ ಕಡಿಮೆಯಾಗಲು ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಇರುವ ಮಾತ್ರೆ ಕೊಟ್ಟಿದ್ದಾರೆ. 12-14 ವಾರಕ್ಕೆ ಕಡಿಮೆಯಾಗಬಹುದು, ನೀರು ಕೂಡ ನಿಲ್ಲದಿದ್ದರೆ ಅಥವಾ ಮೂತ್ರ ಕಡಿಮೆಯಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಏಳುವ ಮೊದಲು ಹಾಸಿಗೆಯಲ್ಲೇ ಎರಡು ರಸ್ಕ್ ಕೊಡುತ್ತೇನೆ, ಅದೊಂದು ನಿಲ್ಲುತ್ತದೆ. ಬೆನ್ನು ಸವರುತ್ತಾ ನಿಲ್ಲುವಾಗ ತುಂಬಾ ಸಂಕಟವಾಗುತ್ತದೆ. ಅಕ್ಕಂದಿರೇ, ನಿಮಗೆ ಆಗ ಏನು ಸೇರುತ್ತಿತ್ತು? ಗಂಜಿ, ಮಜ್ಜಿಗೆ ಎರಡೂ ಸೇರಲಿಲ್ಲ. ಅಪ್ಪಂದಿರೂ ದಯವಿಟ್ಟು ಹೇಳಿ, ಮನೆಯಲ್ಲಿ ನಾವಿಬ್ಬರೇ ಇರುವುದು.