ಆಟಿ ಕಷಾಯ ಮತ್ತು ಭಾವ ಕಳುಹಿಸಿದ ವಿಡಿಯೊ

ಭಾವ (ಮಂಗಳೂರು): ಮೇಲಿನ ವಿಡಿಯೊವನ್ನು ಎಲ್ಲರೂ ಪೂರ್ತಿ ನೋಡಿ. ಇಂಗಾಲದ ಡೈಆಕ್ಸೈಡ್ ಬಳಸಿ ಮೂಲಿಕೆಯ ಸಂಪೂರ್ಣ ಸಾರವನ್ನು ತೆಗೆಯುತ್ತಾರೆ. ಹೀಗಿರುವಾಗ ನಾವು ತುಳುನಾಡಿನವರು ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಕಷಾಯಕ್ಕೆ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುವ ಅಗತ್ಯವೇನಿದೆ?

ದೊಡ್ಡಪ್ಪ (ಉಡುಪಿ): ಅಳಿಯಂದಿರೇ, ಗ್ಯಾಸಿನಿಂದ ತೆಗೆದದ್ದು ಔಷಧವಾದೀತೇ?

ನಾನು: ದೊಡ್ಡಪ್ಪ, ಆ ವಿಧಾನವನ್ನು ಅಲ್ಲಗಳೆಯಬೇಡಿ. 31 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮೂರಿನ ಮಧ್ಯಾಹ್ನದ ಸೆಕೆ, ಮತ್ತು 74 ಬಾರ್ ಒತ್ತಡ (ಗಾಳಿಯ ಸಾಮಾನ್ಯ ಒತ್ತಡದ ಎಪ್ಪತ್ತು ಪಟ್ಟಿಗೂ ಹೆಚ್ಚು), ಇವೆರಡನ್ನೂ ದಾಟಿದರೆ ಈ ಅನಿಲ ಸೂಪರ್‌ಕ್ರಿಟಿಕಲ್ ಸ್ಥಿತಿಗೆ ಬಂದು, ಅನಿಲದಂತೆ ಪುಡಿಯ ಸಂದುಗೊಂದುಗಳಿಗೆ ನುಗ್ಗಿ, ದ್ರವದಂತೆ ಎಣ್ಣೆಯ ಅಂಶಗಳನ್ನು ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದ ಕೂಡಲೇ ಅದು ಹಾರಿಹೋಗುತ್ತದೆ. ಹೆಕ್ಸೇನ್‌ನಂಥ ದ್ರಾವಕ ಬಳಸಿದಾಗ ಅದು ಸಾರದಲ್ಲಿ ಉಳಿದೀತೆಂಬ ಚಿಂತೆ ಇಲ್ಲಿಲ್ಲ. ಕುರ್ಟ್ ಜೋಸೆಲ್ ಎಂಬ ರಸಾಯನಶಾಸ್ತ್ರಜ್ಞರು 1960ರ ದಶಕದಲ್ಲಿ ಜರ್ಮನಿಯಲ್ಲಿ ಒದ್ದೆ ಮಾಡಿದ ಕಾಫಿ ಬೀಜದಿಂದ ಕೆಫೀನನ್ನು ಹೀಗೆಯೇ ತೆಗೆದರು.

ಆದರೆ ಭಾವ, 'ಸಂಪೂರ್ಣ' ಎಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ಪ್ರಯೋಗಾಲಯದಲ್ಲಿ ಅರಸಿನದ ಪುಡಿಯಿಂದ ಹೀಗೆ ಎಣ್ಣೆ ತೆಗೆದ ಮೇಲೆ ಉಳಿದ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದ್ದೇನೆ: ಪರಿಮಳ ಹೋಗಿತ್ತು, ಬೆರಳು ಮಾತ್ರ ಹಳದಿಯಾಯಿತು. ಪರಿಮಳ ಕೊಡುವ ಟರ್ಮೆರೋನ್‌ಗಳಿರುವ ಎಣ್ಣೆ ಸುಲಭವಾಗಿ ಬರುತ್ತದೆ. ಜಾಹೀರಾತಿನವರು ಹೊಗಳುವ, ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಬಹುಪಾಲು ಪುಡಿಯಲ್ಲೇ ಉಳಿಯುತ್ತದೆ.

ಭಾವ: ಜೊತೆಗೆ ಎಥನಾಲ್ (ಮದ್ಯಸಾರ) ಸೇರಿಸಿದರೆ ಅದೂ ಬರುತ್ತದೆಂದು ಓದಿದ್ದೇನೆ.

ನಾನು: ಹೆಚ್ಚು ಬರುತ್ತದೆ, ನಿಜ. ಆದರೆ ಆಗ ಆ ಎಥನಾಲನ್ನು ಬೇರೆಯಾಗಿ ಆವಿ ಮಾಡಿ ತೆಗೆಯಬೇಕಾಗುತ್ತದೆ, ವಿಡಿಯೊದವರು ಇದನ್ನು ಹೇಳಬೇಕಿತ್ತು. ಪಾಲೆಯ ತೊಗಟೆಯಲ್ಲಿರುವ ಎಕಿಟಮಿನ್ ವಿದ್ಯುದಾವೇಶವಿರುವ ಆಲ್ಕಲಾಯ್ಡ್, ಅಂದರೆ ಗಿಡಮರಗಳಲ್ಲಿ ಸಿಗುವ ಸಾರಜನಕಯುಕ್ತ ವಸ್ತು. ಎಣ್ಣೆಯನ್ನಷ್ಟೇ ಒಲಿಸಿಕೊಳ್ಳುವ ಡೈಆಕ್ಸೈಡ್ ಒಂದರಿಂದಲೇ ಅದು ಕರಗಿ ಬರುವಂಥದ್ದಲ್ಲ.

ದೊಡ್ಡಪ್ಪ: ಹಾಗಾದರೆ ನಮ್ಮ ಕಷಾಯವೇ ಮೇಲು ಎಂದಾಯಿತು!

ನಾನು: ಹಾಗೂ ಹೇಳುತ್ತಿಲ್ಲ, ದೊಡ್ಡಪ್ಪ. ಕಾಯಿಸಿದ ಬಿಳಿಕಲ್ಲನ್ನು ಓಮ ಸೇರಿಸಿದ ಪಾಲೆಯ ರಸಕ್ಕೆ ಹಾಕಿದಾಗ ಚುಂಯ್ ಎಂದು ಏಳುವ ಆವಿಯಲ್ಲಿ ಓಮದ ವಾಸನೆ ಅಡುಗೆಮನೆಯೆಲ್ಲ ಹರಡುತ್ತದಲ್ಲ, ಅಷ್ಟು ಎಣ್ಣೆ ಗಾಳಿಗೆ ಹೋಯಿತೆಂದೇ ಅರ್ಥ. ಅದನ್ನು ಹಿಡಿದಿಡುವುದಕ್ಕೆ ಭಾವನ ಯಂತ್ರವೇ ಸರಿ. ಯಾವುದರಲ್ಲಿ ಏನು ಕರಗುತ್ತದೆ ಎಂಬುದನ್ನು ಬಿಟ್ಟು, ಹಳತೋ ಹೊಸತೋ ಎಂದು ಜಗಳವಾಡುವುದೇ ನನಗೆ ಸರಿಕಾಣುವುದಿಲ್ಲ.

ಭಾವ: ಹೀಗೆ ತೆಗೆದ ಅರಸಿನದ ಸಾರದ ಡಬ್ಬಿ ನನ್ನ ಕೈಯಲ್ಲೇ ಇದೆ. 'ಸಂಪೂರ್ಣ ಸಾರ' ಎಂದು ದೊಡ್ಡದಾಗಿ ಬರೆದಿದ್ದಾರೆ, ಕರ್ಕ್ಯುಮಿನ್ ಎಷ್ಟಿದೆಯೆಂದು ಎಲ್ಲಿಯೂ ಬರೆದಿಲ್ಲ. ತಯಾರಕರನ್ನು ಇಂದೇ ಕೇಳುತ್ತೇನೆ.