ಪವರ್ ಎಲೆಕ್ಟ್ರಾನಿಕ್ಸ್ ಓದುವವರ ವಿದ್ಯಾರ್ಥಿವೇತನ: ಮೇಡಂ ಅವರನ್ನು ಕೇಳಿ

ನಿರ್ವಾಹಕರು: ಇಂದು ರಾತ್ರಿ ಎಂಟರವರೆಗೆ ಮೇಡಂ ನಮ್ಮೊಂದಿಗಿರುತ್ತಾರೆ. ಪವರ್ ಎಲೆಕ್ಟ್ರಾನಿಕ್ಸ್ (ವಿದ್ಯುತ್ತನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಸಾಧನಗಳ ವಿಷಯ) ಪ್ರಾಧ್ಯಾಪಕರು. ವಿಭಾಗದ ವಿದ್ಯಾರ್ಥಿವೇತನದ ಕಡತಗಳನ್ನೂ ಅವರೇ ನೋಡುತ್ತಾರೆ.

ಹಾಸನದ ಸದಸ್ಯ: ಎಂ.ಟೆಕ್. ಸೇರಿದವರಿಗೆಲ್ಲ ತಿಂಗಳಿಗೆ 12,400 ರೂಪಾಯಿ ಬರುತ್ತದೆಯೇ ಮೇಡಂ?

ಮೇಡಂ: ಎಲ್ಲರಿಗೂ ಇಲ್ಲ. ಸೇರುವಾಗ ಗೇಟ್ (ಎಂ.ಟೆಕ್. ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಊರ್ಜಿತವಾಗಿರಬೇಕು. ಅದರ ಆಯುಸ್ಸು ಮೂರು ವರ್ಷ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆಯ ಕೋರ್ಸ್, ಪೂರ್ಣಾವಧಿ ಓದು. ಹೆಚ್ಚೆಂದರೆ 24 ತಿಂಗಳು.

ಗದಗದ ಸದಸ್ಯ: ನಾನು ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಿದ್ದೇನೆ. ಗೇಟ್ ಇಲ್ಲ. ಸಿಗುತ್ತದೆಯೇ?

ಮೇಡಂ: ಸಿಗುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನಿಮ್ಮ ವರ್ಗಕ್ಕೆ ಏನಿದೆ ನೋಡಿ.

ಚಿತ್ರದುರ್ಗದ ವಿದ್ಯಾರ್ಥಿನಿ: ಮೇಡಂ, ನನಗೆ ಗೇಟ್ ಇದೆ, ಪವರ್ ಎಲೆಕ್ಟ್ರಾನಿಕ್ಸ್ ಮೊದಲ ವರ್ಷ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಗೇಟ್‌ನಲ್ಲೂ ಹೆಸರಿನ ಜೊತೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಸೈಬರ್ ಸೆಂಟರ್‌ನವರು ಮೂರು ಸಾವಿರ ಕೊಟ್ಟರೆ ಹೆಸರು ಮತ್ತು ಬ್ಯಾಂಕ್ ಎರಡನ್ನೂ ಸರಿಮಾಡುತ್ತೇವೆ ಎಂದರು. ನಿನ್ನೆ ಫೋನಿಗೆ ಬಂದ ಒಟಿಪಿ ಹೇಳಿದೆ. ಇನ್ನೂ ಏನೂ ಆಗಿಲ್ಲ.

ಮೇಡಂ: ಮಗಳೇ, ಉಳಿದದ್ದನ್ನು ಬಿಟ್ಟು ಮೊದಲು ಇದನ್ನು ಮಾಡು. ಆ ಒಟಿಪಿಯಿಂದ ಏನು ಬದಲಾಯಿತೆಂದು ಈಗಲೇ ನೋಡಬೇಕು. ಮೈಆಧಾರ್ ಜಾಲತಾಣಕ್ಕೆ ಹೋಗಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಪರಿಶೀಲಿಸು. ಪರಿಚಯವಿಲ್ಲದ ಬ್ಯಾಂಕಿನ ಹೆಸರು ಬಂದರೆ ಅಥವಾ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ಆಧಾರ್‌ನ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡು.

ಇನ್ನು ಹಣದ ಮಾತು. ಪಾಸ್‌ಬುಕ್ಕಿನೊಂದಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ವಿದ್ಯಾರ್ಥಿವೇತನ ಆ ಖಾತೆಗೆ ಬರುವುದಿಲ್ಲ. ಎನ್‌ಪಿಸಿಐ ಎಂಬ ಪಾವತಿ ಸಂಸ್ಥೆಯ ಆಧಾರ್-ಬ್ಯಾಂಕ್ ಜೋಡಣೆಯ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಪಿಯುಸಿಯಲ್ಲಿ ತೆರೆದು ಮರೆತ ಖಾತೆ ಅಲ್ಲಿ ಕುಳಿತಿರುವುದು ಮಾಮೂಲು. ಶಾಖೆಗೆ ಹೋಗಿ ಡಿಬಿಟಿ (ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆ) ಒಪ್ಪಿಗೆಯ ನಮೂನೆ ತುಂಬು, ಸ್ವೀಕೃತಿ ಕೇಳಿ ಪಡೆ. ಜಂಟಿ ಖಾತೆಯೂ ಬೇಡ, ವ್ಯವಹಾರಕ್ಕೆ ಮಿತಿ ಇರುವ ಖಾತೆಯೂ ಬೇಡ.

ಹೆಸರಿನ ವಿಷಯದಲ್ಲಿ ಅವಸರ ಬೇಡ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರ್‌ನವರು ಒಂದನ್ನು ಹಾಳು ಮಾಡಿದರೆ ಒಂದೇ ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿ ಮತ್ತು ಗೇಟ್ ಎರಡೂ ಒಂದೇ ರೀತಿ ಇರುವುದರಿಂದ ಆಧಾರನ್ನು ಅವುಗಳಂತೆಯೇ ಮಾಡಿಸು. ಹೋಗುವ ಮೊದಲು ಅಕ್ಷರ ಅಕ್ಷರ ತಾಳೆ ನೋಡು. ಇನಿಷಿಯಲ್‌ನ ಪಕ್ಕದ ಚುಕ್ಕಿಯನ್ನೂ ಬಿಡಬೇಡ. ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ನೋಡುವ ನೋಡಲ್ ಅಧಿಕಾರಿಗೆ ಇಂದೇ ಇಮೇಲ್ ಬರೆ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ದಿನಾಂಕ ಮುಗಿದ ಮೇಲೆ ಯಾರೂ ಒಪ್ಪುವುದಿಲ್ಲ.

ಬಳ್ಳಾರಿಯ ಸದಸ್ಯೆ: ‘ಎಲೆಕ್ಟ್ರಿಕಲ್ ಓದುವ ಪ್ರತಿ ಹುಡುಗಿಗೆ ಪ್ರಗತಿ ಯೋಜನೆಯಲ್ಲಿ 50,000 ಖಚಿತ, ಈ ಲಿಂಕ್ ಒತ್ತಿ ಹತ್ತು ಜನರಿಗೆ ಕಳಿಸಿ’ ಎಂಬ ಸಂದೇಶ ಬಂದಿದೆ. ನಿಜವೇ?

ಮೇಡಂ: ಲಿಂಕ್ ಒತ್ತಬೇಡಿ, ಯಾರಿಗೂ ಕಳಿಸಬೇಡಿ. ಯೋಜನೆ ನಿಜ, ಸಂದೇಶ ಸುಳ್ಳು. ಪ್ರಗತಿಯಲ್ಲಿ ವರ್ಷಕ್ಕೆ 50,000 ರೂಪಾಯಿ ಕೊಡುತ್ತಾರೆ. ಆದರೆ ಕುಟುಂಬದ ಆದಾಯ ಎಂಟು ಲಕ್ಷ ಮೀರಬಾರದು, ಒಂದು ಮನೆಯಿಂದ ಇಬ್ಬರಿಗೆ ಮಾತ್ರ, ಮೊದಲ ವರ್ಷದಲ್ಲಿ ಅಥವಾ ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರಿದಾಗ ಅರ್ಜಿ ಹಾಕಬೇಕು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬಿಟ್ಟು ಬೇರೆ ದಾರಿಯಿಲ್ಲ.

ತುಮಕೂರಿನ ಸದಸ್ಯ: ಆದಾಯ ಸ್ವಲ್ಪ ಜಾಸ್ತಿಯಿದ್ದರೆ ನಾಡಕಚೇರಿಯಲ್ಲಿ ಕಡಿಮೆ ಬರೆಸಿಕೊಳ್ಳಿ, ಎಲ್ಲರೂ ಮಾಡುತ್ತಾರೆ.

ಕೊಪ್ಪಳದ ಸದಸ್ಯ: ಯಾರು ಎಲ್ಲರೂ? ನನ್ನ ತಂಗಿ ಕೂಲಿ ಮಾಡುವ ಮನೆಯಿಂದ ಬಂದು ಅರ್ಜಿ ಹಾಕಿದ್ದಾಳೆ. ನಿಮ್ಮಂಥವರು ಅವಳ ಪಾಲು ತಿನ್ನುತ್ತೀರಿ.

ತುಮಕೂರಿನ ಸದಸ್ಯ: ಮಾತು ಅಳೆದು ಆಡಿ. ಅಷ್ಟಕ್ಕೂ ಕರೆಂಟ್ ಓದಿ ಯಾರಿಗೆ ಕೆಲಸ ಸಿಗುತ್ತದೆ? ಸಾಫ್ಟ್‌ವೇರ್ ಓದಿದ್ದರೆ ವಿದ್ಯಾರ್ಥಿವೇತನದ ಹಂಗೇ ಇರುತ್ತಿರಲಿಲ್ಲ.

ಕೊಪ್ಪಳದ ಸದಸ್ಯ: ನಿಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಅಲ್ಲಿನ ಇನ್ವರ್ಟರ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ, ಸಾಫ್ಟ್‌ವೇರ್‌ನವರೇ?

ಮೇಡಂ: ಇಬ್ಬರೂ ನಿಲ್ಲಿಸಿ. ಸುಳ್ಳು ಆದಾಯ ಪತ್ರ ಅಪರಾಧ. ಅದು ಬಡ ಹುಡುಗಿಯ ಹಣ ಕದ್ದಂತೆಯೇ. ಈ ಗುಂಪಿನಲ್ಲಿ ಆ ಸಲಹೆ ಇನ್ನೊಮ್ಮೆ ಬಂದರೆ ನಾನು ಉತ್ತರಿಸುವುದಿಲ್ಲ. ಕೆಲಸದ ಪ್ರಶ್ನೆಗೆ: ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ±500 ಕಿಲೋವೋಲ್ಟ್ ನೇರ ವಿದ್ಯುತ್ ಬರುತ್ತದೆ, ಅದನ್ನು ಪರ್ಯಾಯ ವಿದ್ಯುತ್ತಾಗಿಸುವ ಕನ್ವರ್ಟರ್ ಇದೇ ವಿಷಯದ್ದು. ಚಾರ್ಜರ್, ಮೆಟ್ರೋ, ವಿದ್ಯುತ್ ಕಾರು ಎಲ್ಲದರಲ್ಲೂ ಇದೇ ಇದೆ. ನನ್ನ ತರಗತಿಯ ಮಕ್ಕಳು ಕೆಲಸಕ್ಕೆ ಅಲೆಯುವುದಕ್ಕಿಂತ ಮಧ್ಯದಲ್ಲೇ ಹಣವಿಲ್ಲದೆ ಓದು ಬಿಡುವುದನ್ನು ಹೆಚ್ಚು ನೋಡಿದ್ದೇನೆ, ಅದಕ್ಕೇ ಇಲ್ಲಿಗೆ ಬಂದದ್ದು.

ಉಡುಪಿಯ ಸದಸ್ಯ: ಪಿಎಚ್.ಡಿ.ಗೆ ಪಿಎಂಆರ್‌ಎಫ್ (ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್) ಎಷ್ಟು?

ಮೇಡಂ: ಮೊದಲೆರಡು ವರ್ಷ ತಿಂಗಳಿಗೆ 70,000, ಮೂರನೆಯ ವರ್ಷ 75,000, ನಂತರ 80,000.



ರಾಯಚೂರಿನ ಸದಸ್ಯ: ಮೇಡಂ, 12,400 ಎಲ್ಲರಿಗೂ ಬರುತ್ತದೆಯೇ?

ಮೇಡಂ: ಮೊದಲ ಉತ್ತರ ಓದಿ. ಇನ್ನೊಮ್ಮೆ ಹೇಳುವುದಿಲ್ಲ.

ತುಮಕೂರಿನ ಸದಸ್ಯ: ಮೇಡಂ ಅವರಿಗೆ ಕೋಪ ಜಾಸ್ತಿ.

ಚಿತ್ರದುರ್ಗದ ವಿದ್ಯಾರ್ಥಿನಿ: ಮೇಡಂ, ನೋಡಿದೆ. ಜೋಡಣೆಯಾಗಿರುವುದು ನನ್ನ ಪಿಯುಸಿ ಕಾಲದ ಬ್ಯಾಂಕೇ, ಪರಿಚಯವಿಲ್ಲದ್ದಲ್ಲ. ಬಯೋಮೆಟ್ರಿಕ್ ಲಾಕ್ ಮಾಡಿದೆ.

ಮೇಡಂ: ಒಳ್ಳೆಯದು. ನಾಳೆ ಬ್ಯಾಂಕ್ ತೆರೆಯುವ ಹೊತ್ತಿಗೆ ಹಣ ಬರಬೇಕಾದ ಖಾತೆಯ ಶಾಖೆಯಲ್ಲಿರು. ಹೆಸರು ತಿದ್ದಿಸುವ ಮೊದಲು ಎರಡೂ ಅಂಕಪಟ್ಟಿಗಳ ಪ್ರತಿಯನ್ನು ನನಗೆ ಕಳಿಸು, ನಾನೂ ಒಮ್ಮೆ ಕಣ್ಣಾಡಿಸುತ್ತೇನೆ.